ಬದಲಿಸುವ ಮೊದಲು ಬಿಚ್ಚಿ ನೋಡಿ: ಮುಲುಂಡಿನ ಕೆಂಪು ಕಾರು ಕಲಿಸಿದ ಪಾಠ

ಮುಂಬಯಿ: 2023ರ ಜುಲೈ ತಿಂಗಳ ಒಂದು ರವಿವಾರ. ಮಳೆ ತುಸು ಬಿಡುವು ಕೊಟ್ಟಿತ್ತು. ಮುಲುಂಡಿನ ಹೌಸಿಂಗ್ ಸೊಸೈಟಿಯೊಂದರಿಂದ ಹೊರಟ ಎರಡೇ ಸೀಟಿನ ಕೆಂಪು ಕಾರೊಂದು ಎಲ್.ಬಿ.ಎಸ್. ಮಾರ್ಗದಲ್ಲಿ ಭಾಂಡುಪ್ ತಲುಪುವಷ್ಟರಲ್ಲಿ ಬಿಸಿಯ ಮುಳ್ಳು ಕೆಂಪು ಗೆರೆ ದಾಟಿತು. ಹಿಂದಿನಿಂದ ಬಿಳಿ ಹೊಗೆ ಎದ್ದಿತು. ಕಾರು ನಡುಗುತ್ತಾ ರಸ್ತೆ ಬದಿಗೆ ಬಂದು ನಿಂತಿತು. ಚಾಲಕನ ಸೀಟಿನಲ್ಲಿದ್ದ 24ರ ಯುವಕ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಕುಳಿತುಬಿಟ್ಟ. ಪಕ್ಕದಲ್ಲಿದ್ದ ತಾಯಿ ಮಾತ್ರ, "ಅಪ್ಪನ ಗಾಡಿ ಅಲ್ವಾ, ಅಷ್ಟು ಬೇಗ ಕೈಬಿಡೋದಿಲ್ಲ" ಎಂದರು.

ಹೆಸರು ಹಾಕುವುದು ಬೇಡ ಎಂಬ ಕೋರಿಕೆಯಂತೆ ಈ ಕುಟುಂಬದ ಪರಿಚಯ ಇಷ್ಟು: ತಾಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿ. ಮಗ ಐರೋಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾರ್ಕಳ ಕಡೆಯಿಂದ ಬಂದು ಕ್ಯಾಂಟೀನ್ ಗುತ್ತಿಗೆ ಹಿಡಿದು ಬೆಳೆದ ತಂದೆ 2020ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಒಂದೇ ಒಂದು ಶೋಕಿಯ ವಸ್ತು ಈ ಕಾರು. ಅದರ ಎಂಜಿನ್ ರಿಪೇರಿ ಮಾಡಿಸಬೇಕೇ, ತೆಗೆದು ಬೇರೆ ಹಾಕಿಸಬೇಕೇ ಎಂಬ ಪ್ರಶ್ನೆ ಆ ಮನೆಯಲ್ಲಿ ಐದು ತಿಂಗಳು ಚರ್ಚೆಯಾಯಿತು. ಹಳೆಯ ವಾಹನವಿರುವ ಯಾವ ಮನೆಯವರಿಗೂ ಆ ಚರ್ಚೆಯಲ್ಲಿ ಕಲಿಯಲು ಸಾಕಷ್ಟಿದೆ.

ನಮ್ಮವರೇ ಮಾಡಿದ ಸ್ಪೋರ್ಟ್ಸ್ ಕಾರು

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಇಂದಿನ ಮಕ್ಕಳಿಗೆ ಈ ಹೆಸರು ಗೊತ್ತಿರಲಾರದು. ರೈಲ್ವೆ ಲೋಕೋಮೋಟಿವ್‌ಗಳನ್ನು ತಯಾರಿಸುವ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಮೂಹ 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮಡಚುವ ಮಾಡು, ಫೈಬರ್ ದೇಹ. ಎಂಜಿನ್ ಮಾತ್ರ ಫ್ರಾನ್ಸಿನ ರೆನೋ ಕಂಪನಿಯದು: 1149 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಸುಮಾರು 60 ಅಶ್ವಶಕ್ತಿ. ರಸ್ತೆಗಿಳಿದ ಕಾರುಗಳು ಕೆಲವೇ ಕೆಲವು. ತಯಾರಿಕೆ ನಿಂತು ವರ್ಷಗಳೇ ಉರುಳಿವೆ.

2002ರಲ್ಲಿ ಈ ಕಾರು ಮನೆಗೆ ಬಂದಾಗ ಸೊಸೈಟಿಯವರೆಲ್ಲ ಕೆಳಗಿಳಿದು ನೋಡಿದ್ದರಂತೆ. ಅನಂತರದ ವರ್ಷಗಳಲ್ಲಿ ಉಪನಗರದ ಕನ್ನಡ ಸಂಘದ ರಾಜ್ಯೋತ್ಸವ ಮೆರವಣಿಗೆಗೆ ಮಾಡು ಮಡಚಿದ ಈ ಕಾರೇ ಮುಂದೆ. ಭುವನೇಶ್ವರಿಯ ವೇಷ ತೊಟ್ಟ ಮಗು ಪಕ್ಕದ ಸೀಟಿನಲ್ಲಿ, ಬಾನೆಟ್ಟಿನ ಮೇಲೆ ಹಳದಿ-ಕೆಂಪು ಬಾವುಟ. ಆ ಫೋಟೋಗಳು ಇಂದಿಗೂ ಹಲವು ಮನೆಗಳ ಆಲ್ಬಂಗಳಲ್ಲಿವೆ.

ಫೈಬರ್ ದೇಹಕ್ಕೆ ತುಕ್ಕು ಹಿಡಿಯುವುದಿಲ್ಲ. ಮುಂಬಯಿಯ ಉಪ್ಪು ಗಾಳಿಗೆ, ನಾಲ್ಕು ತಿಂಗಳ ಮಳೆಗೆ ಅದೇ ಕಾಲದ ತಗಡಿನ ಕಾರುಗಳ ಬಾಗಿಲು ತೂತಾಗಿ ಉದುರಿದರೂ ಇದರ ದೇಹ ಬಣ್ಣ ಮಾಸಿದ್ದು ಬಿಟ್ಟರೆ ಗಟ್ಟಿಯಾಗಿಯೇ ಉಳಿದಿತ್ತು. ಆದ್ದರಿಂದಲೇ ಪ್ರಶ್ನೆ ಕಠಿಣವಾಯಿತು. ದೇಹವೂ ಹೋಗಿದ್ದರೆ ಗುಜರಿಗೆ ಕೊಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು.

ಮನೆಯೊಳಗೆ ಮೂರು ಅಭಿಪ್ರಾಯ

ಕಾರನ್ನು ಎಳೆದುಕೊಂಡು ಹೋದ ಮೊದಲ ಗ್ಯಾರೇಜಿನವರು ಬಾನೆಟ್ ಎತ್ತಿ, ಹೊಗೆ ನೋಡಿ, ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟರು: "ಎಂಜಿನ್ ಮುಗಿಯಿತು. ಇದರ ಸಾಮಾನು ಇಂಡಿಯಾದಲ್ಲಿ ಸಿಗೋದಿಲ್ಲ. ಮಾರುತಿ ಎಸ್ಟೀಮ್ ಎಂಜಿನ್ ಹಾಕಿಬಿಡೋಣ. 1 ಲಕ್ಷ 20 ಸಾವಿರ." ಇದೇ ಎಂಜಿನನ್ನು ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡುವುದಾದರೆ ಒಂದೂವರೆ ಲಕ್ಷ, ಅದೂ ಸಾಮಾನು ಸಿಕ್ಕಿದರೆ ಎಂಬುದು ಅವರ ಲೆಕ್ಕ.

ಮಗನಿಗೆ ಇದು ಒಪ್ಪಿಗೆಯಾಯಿತು. ಎಸ್ಟೀಮ್‌ನ 1298 ಸಿಸಿ ಎಂಜಿನ್ 85 ಅಶ್ವಶಕ್ತಿಯದು, ಬಿಡಿಭಾಗಗಳೂ ಸುಲಭದಲ್ಲಿ ಸಿಗುತ್ತವೆ. ಕಾರಿಗೆ ಮತ್ತಷ್ಟು ಓಟವೂ ಬರುತ್ತದೆ ಎಂಬುದು ಅವನ ವಾದ.

ತಾಯಿಗೆ ಯಾವ ಎಂಜಿನ್ ಎಂಬುದು ಮುಖ್ಯವಾಗಿರಲಿಲ್ಲ, ಕಾರು ಓಡಬೇಕು ಅಷ್ಟೇ. ಎರಡು ಲಕ್ಷದ ಫಿಕ್ಸೆಡ್ ಡಿಪಾಸಿಟ್ ಒಂದಿತ್ತು. ಅದನ್ನು ಮುರಿಸಲು ಅವರು ಸದ್ದಿಲ್ಲದೆ ಬ್ಯಾಂಕಿನಿಂದ ಫಾರ್ಮ್ ತಂದಿಟ್ಟುಕೊಂಡರು.

ಮೂರನೆಯವರು ತಾಯಿಯ ಅಣ್ಣ, ಎಪ್ಪತ್ತು ದಾಟಿದ ಹಿರಿಯರು. ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಅವರು 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಆಮೇಲೆ ಹಲವು ವರ್ಷ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ಆ 1089 ಸಿಸಿ ಎಂಜಿನನ್ನು ಬೋರಿಂಗ್ ಮಾಡಿಸಿ, ಪಿಸ್ಟನ್ ಬದಲಿಸಿ, ಮತ್ತೆ ಮತ್ತೆ ಜೀವ ಕೊಟ್ಟ ಅನುಭವ ಅವರದು. ವಿಷಯ ಕೇಳಿ ಅವರು ಅಳಿಯನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಗಾ, ಕಂಪ್ರೆಶನ್ ನೋಡಿದ್ದಾರಾ?"

ನೋಡಿರಲಿಲ್ಲ.

ಕಾರ್ಖಾನೆ ಮಾಡಿದರೆ ಸರಿ, ನಾವು ಮಾಡಿದರೆ?

"ಎಂಜಿನ್ ಬದಲಿಸೋದು ಹೊಸ ವಿಷಯವೇನಲ್ಲ ಮಾಮ, ಕಂಪನಿಗಳೇ ಮಾಡಿಲ್ವಾ?" ಎಂದು ಅಳಿಯ ಕೇಳಿದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಹಿಂದುಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಕಾಂಟೆಸ್ಸಾ ಕಾರಿಗೆ ಮೊದಲು ಇದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಅಷ್ಟು ದೊಡ್ಡ ದೇಹಕ್ಕೆ ಅದು ಸಾಲದಾಯಿತು. ಬಳಿಕ ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ ಬಂದಾಗಲೇ ಕಾಂಟೆಸ್ಸಾಕ್ಕೆ ಕಳೆ ಬಂದದ್ದು. 1990ರ ದಶಕದ ಆರಂಭದಲ್ಲಿ ಅಂಬಾಸಿಡರಿಗೂ ಇಸುಜು ಎಂಜಿನ್ ಸಿಕ್ಕಿತು. ನಮ್ಮ ಕುರ್ಲಾದ ಪ್ರೀಮಿಯರ್ ಕಂಪನಿ ಫಿಯಟ್ 124 ಮೂಲದ ದೇಹಕ್ಕೆ ನಿಸಾನ್ ಎಂಜಿನ್ ಕೂಡಿಸಿ 118 ಎನ್‌ಇ ಎಂಬ ಕಾರು ಮಾಡಿತು.

ಜೋಡಿ ಕೂಡದೆ ಕೆಟ್ಟ ಉದಾಹರಣೆಯೂ ಇದೆ. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ತಂದ ಸ್ಟ್ಯಾಂಡರ್ಡ್ 2000 ಕಾರಿನ ದೇಹ ಬ್ರಿಟನ್ನಿನ ಪ್ರಸಿದ್ಧ ರೋವರ್ ಎಸ್‌ಡಿ1ರದು. ಒಳಗಿಟ್ಟ ಎಂಜಿನ್ ಮಾತ್ರ ಹಳೆಯ ವ್ಯಾನ್‌ಗಾರ್ಡ್ ಕಾಲದ್ದು. ರೂಪಕ್ಕೂ ಓಟಕ್ಕೂ ಹೊಂದಾಣಿಕೆಯಾಗದೆ ಆ ಕಾರು ಮೂರು-ನಾಲ್ಕು ವರ್ಷದಲ್ಲೇ ಮರೆಯಾಯಿತು.

ಕಾರ್ಖಾನೆಯವರು ಎಂಜಿನ್ ಬದಲಿಸುವಾಗ ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಷನ್, ರೇಡಿಯೇಟರ್ ಎಲ್ಲವನ್ನೂ ಅದಕ್ಕೆ ಹೊಂದಿಸಿ, ಪರೀಕ್ಷೆ ಮಾಡಿಸಿ, ಸರಕಾರದ ಒಪ್ಪಿಗೆ ಪಡೆದು ರಸ್ತೆಗೆ ಬಿಡುತ್ತಾರೆ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಇದೆಲ್ಲ ಆಗುವ ಮಾತಲ್ಲ. ಹಿರಿಯರು ಒಂದು ಹಾಳೆ ತೆಗೆದು ಗ್ಯಾರೇಜಿನವರು ಹೇಳದೆ ಬಿಟ್ಟದ್ದನ್ನು ಬರೆಯುತ್ತಾ ಹೋದರು. ಹೊಸ ಎಂಜಿನಿಗೆ ಅದರದೇ ಗೇರ್‌ಬಾಕ್ಸ್ ಬೇಕು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್‌ಗಳನ್ನು ಅಳತೆಗೆ ಮಾಡಿಸಬೇಕು. ಎಂಜಿನ್ ಕೂರುವ ಮೌಂಟಿಂಗ್‌ಗಳನ್ನು ಕತ್ತರಿಸಿ ವೆಲ್ಡಿಂಗ್ ಮಾಡಬೇಕು. ವಯರಿಂಗ್, ಎಂಜಿನ್ನಿನ ಕಂಪ್ಯೂಟರ್, ಸೈಲೆನ್ಸರ್ ಕೊಳವೆ, ಕ್ಲಚ್ ಕೇಬಲ್, ಸ್ಪೀಡೋಮೀಟರ್, ಎಲ್ಲವೂ ಬೇರೆ. 85 ಅಶ್ವಶಕ್ತಿ ಬಂದ ಮೇಲೆ 60ಕ್ಕೆಂದು ಮಾಡಿದ ಬ್ರೇಕುಗಳೂ ಸಾಲವು. ಕೂಡಿಸಿದಾಗ 1 ಲಕ್ಷ 20 ಸಾವಿರ ಇದ್ದದ್ದು 2 ಲಕ್ಷ 5 ಸಾವಿರಕ್ಕೆ ಬಂದು ನಿಂತಿತು.

ಕಾನೂನು ಏನು ಹೇಳುತ್ತದೆ?

ಹಣಕ್ಕಿಂತ ದೊಡ್ಡ ತೊಡಕು ಕಾಗದಪತ್ರದ್ದು. ಪ್ರತಿ ವಾಹನದ ಆರ್‌ಸಿ ಪುಸ್ತಕದಲ್ಲಿ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಎಷ್ಟು ಸಿಸಿ ಎಂಬುದೆಲ್ಲ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕಿದರೆ ವಿಷಯ ಬೇರೆ. ಆರ್‌ಟಿಓ ಒಪ್ಪಿಗೆ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಪೆಟ್ರೋಲಿನಿಂದ ಸಿಎನ್‌ಜಿಗೆ ಅಥವಾ ಬ್ಯಾಟರಿಗೆ ಬದಲಿಸುವುದಕ್ಕೂ ಮಾನ್ಯತೆ ಪಡೆದ ಕಿಟ್ ಇದ್ದರೆ ಅವಕಾಶವಿದೆ. ಆದರೆ ರೆನೋ ಎಂಜಿನ್ನಿನ ಕಾರಿಗೆ ಮಾರುತಿಯ ಎಂಜಿನ್ ಹಾಕಿ, "ಯಾರು ನೋಡುತ್ತಾರೆ" ಎಂದು ಓಡಿಸುವುದು ಅಪಾಯ. ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರ್ ಮೊದಲು ನೋಡುವ ಸಂಖ್ಯೆಗಳಲ್ಲಿ ಎಂಜಿನ್ ಸಂಖ್ಯೆಯೂ ಒಂದು.

ಮರುನೋಂದಣಿಯ ವೇಳೆಯಲ್ಲೂ ಇದೇ ಗತಿ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. 600 ರೂ. ಇದ್ದ ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000 ರೂ.ಗೆ ಏರಿಸಲಾಯಿತು. ಮುಲುಂಡಿನ ಕಾರು 2022ರಲ್ಲಿ ನವೀಕರಣಗೊಂಡಿತ್ತು. ಮುಂದಿನ ಸರದಿ 2027ರಲ್ಲಿ. ಆಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿದರೆ ಏನು ಉತ್ತರ ಕೊಡುವುದು? ಸಾಫ್ಟ್‌ವೇರ್ ಯುವಕನ ಉತ್ಸಾಹ ಇಲ್ಲಿಗೆ ಅರ್ಧ ಇಳಿಯಿತು.

ಬಿಚ್ಚಿದಾಗ ಕಂಡದ್ದು

ಹಿರಿಯರ ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರು ಒಂದು ಶನಿವಾರ ಗೇಜ್ ಹಿಡಿದು ಬಂದರು. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಕೂರಿಸಿ ಕ್ರ್ಯಾಂಕ್ ತಿರುಗಿಸಿ ಒತ್ತಡ ಅಳೆದರು. ಒಂದನೆಯದು 155 ಪಿಎಸ್‌ಐ, ನಾಲ್ಕನೆಯದು 160. ನಡುವಿನ ಎರಡನೆಯದು ಮತ್ತು ಮೂರನೆಯದು ಮಾತ್ರ 90ರ ಆಸುಪಾಸು.

ಆ ಎರಡು ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಹನಿಸಿ ಮತ್ತೆ ಅಳೆದರು. ರಿಂಗ್ ಸವೆದಿದ್ದರೆ ಆಯಿಲ್ ಅದರ ಸಂದು ಮುಚ್ಚಿ ಒತ್ತಡ ಏರಬೇಕು. ಏರಲಿಲ್ಲ. ಅಂದರೆ ದೋಷ ಕೆಳಗಿನ ಪಿಸ್ಟನ್ ರಿಂಗಿನಲ್ಲಿ ಅಲ್ಲ, ಮೇಲೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿವೆ ಎಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಬಿಳಿ ಹೊಗೆಯೂ ಅದನ್ನೇ ಹೇಳುತ್ತಿತ್ತು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಡದೆ ಬಿಳಿ ಬಂದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ ಎಂಬುದು ಹಳೆಯ ಮೇಸ್ತ್ರಿಗಳಿಗೆಲ್ಲ ಬಾಯಿಪಾಠ.

ಹೆಡ್ ಬಿಚ್ಚಿದಾಗ ಅನುಮಾನ ನಿಜವಾಯಿತು. ಎರಡು-ಮೂರರ ನಡುವೆ ಗ್ಯಾಸ್ಕೆಟ್ ಸುಟ್ಟು, ನೀರಿನ ದಾರಿಯವರೆಗೂ ಕಪ್ಪು ಗೆರೆ ಮೂಡಿತ್ತು. ಅಲ್ಯೂಮಿನಿಯಂ ಹೆಡ್ ಬಿಸಿಗೆ ಕೂದಲೆಳೆಯಷ್ಟು ಬಾಗಿತ್ತು. ಕೆಳಗಿನ ಎರಕದ ಕಬ್ಬಿಣದ ಬ್ಲಾಕ್ ಮಾತ್ರ ಬಿರುಕಿಲ್ಲದೆ ನಿಂತಿತ್ತು. ಬೋರ್ ಅಳತೆ ಮೂಲದ 69 ಮಿ.ಮೀ.ಗೆ ಹತ್ತಿರವೇ ಇತ್ತು, ಕ್ರ್ಯಾಂಕ್ ಬೇರಿಂಗುಗಳೂ ಚೆನ್ನಾಗಿದ್ದವು. "ಮುಗಿಯಿತು" ಎನ್ನಿಸಿಕೊಂಡ ಎಂಜಿನ್ ಮುಗಿದಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣವೇನು? ತಂದೆ ತೀರಿಕೊಂಡ ಮೇಲೆ ಕಾರು ಹೆಚ್ಚುಕಡಿಮೆ ಮೂರು ವರ್ಷ ನಿಂತೇ ಇತ್ತು. ಕೂಲಂಟ್ ಕಡಿಮೆಯಾದಾಗಲೆಲ್ಲ ವಾಚ್‌ಮನ್ ನಲ್ಲಿ ನೀರು ತುಂಬಿಸಿದ್ದ. ಒಳಗೆ ತುಕ್ಕು, ಸುಣ್ಣ ಕಟ್ಟಿ ರೇಡಿಯೇಟರಿನ ಅರ್ಧ ಕೊಳವೆಗಳು ಮುಚ್ಚಿಹೋಗಿದ್ದವು. ಮೊದಲ ಗ್ಯಾರೇಜಿನ ಮಾತು ಕೇಳಿ ಎಸ್ಟೀಮ್ ಎಂಜಿನನ್ನು ಅದೇ ರೇಡಿಯೇಟರಿಗೆ ಜೋಡಿಸಿದ್ದರೆ, ಮುಂದಿನ ಬೇಸಗೆಗೆ ಆ ಎಂಜಿನೂ ಸುಡುತ್ತಿತ್ತು.

ಉಪ್ಪಿನಕಾಯಿ ಹೋಯಿತು, ಗ್ಯಾಸ್ಕೆಟ್ ಬಂತು

ಉಳಿದದ್ದು ಬಿಡಿಭಾಗದ ಪ್ರಶ್ನೆ. ಕುರ್ಲಾದ ಅಂಗಡಿ ಸಾಲುಗಳಲ್ಲಿ ಎರಡು ದಿನ ಅಲೆದರೂ ಸಿಗಲಿಲ್ಲ. ಆಗ ಮಗನಿಗೆ ಹೊಳೆದದ್ದೇ ಇಡೀ ಪ್ರಕರಣದ ತಿರುವು. ಸ್ಯಾನ್ ಸ್ಟಾರ್ಮ್ ಅಪರೂಪದ ಕಾರು ನಿಜ, ಆದರೆ ಅದರ ಎಂಜಿನ್ ಅಪರೂಪವಲ್ಲ. ಡಿ7ಎಫ್ ಎಂಬ ಇದೇ 1149 ಸಿಸಿ ಎಂಜಿನನ್ನು ರೆನೋ ಕಂಪನಿ ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋ, ಕಾಂಗೂ ವಾಹನಗಳಿಗೆ ಲಕ್ಷಗಟ್ಟಲೆ ಹಾಕಿತ್ತು. ಇಲ್ಲಿ ಸಿಗದ ಸಾಮಾನು ಅಲ್ಲಿ ಸಾಮಾನ್ಯ ಅಂಗಡಿಯ ಸರಕು.

ಸಂಬಂಧಿಕರ ಹುಡುಗನೊಬ್ಬ ಫ್ರಾನ್ಸಿನಲ್ಲಿ ಕೆಲಸಕ್ಕಿದ್ದ. ನವರಾತ್ರಿಗೆ ಊರಿಗೆ ಬರುವಾಗ ಗ್ಯಾಸ್ಕೆಟ್ ಸೆಟ್, ಹೆಡ್ ಬೋಲ್ಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ತಂದುಕೊಟ್ಟ. ಬದಲಿಗೆ ಮರಳುವಾಗ ಅವನ ಚೀಲಕ್ಕೆ ಮಾವಿನ ಮಿಡಿ ಉಪ್ಪಿನಕಾಯಿಯ ಎರಡು ಭರಣಿ ಸೇರಿದವು. ಬೆಲ್ಟ್ ನೋಡಲು ಚೆನ್ನಾಗಿಯೇ ಇದ್ದರೂ, ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ ಎಂದು ಮೆಕ್ಯಾನಿಕ್ ಹಟ ಹಿಡಿದು ಬದಲಿಸಿದರು.

ಹೆಡ್ ಲೇತಿಗೆ ಹೋಗಿ ಸಮವಾಗಿ ಬಂತು, ವಾಲ್ವುಗಳಿಗೆ ಗ್ರೈಂಡಿಂಗ್ ಆಯಿತು, ರೇಡಿಯೇಟರಿಗೆ ಹೊಸ ಕೋರ್ ಬಿತ್ತು. ಅಡಿಯ ಉಕ್ಕಿನ ಚೌಕಟ್ಟಿನಲ್ಲಿ ಎರಡು ಕಡೆ ಕಂಡ ತುಕ್ಕನ್ನು ಉಜ್ಜಿ ಬಣ್ಣ ಬಳಿಯಲಾಯಿತು. ಫೈಬರ್ ಗಟ್ಟಿಯಿದೆ ಎಂದು ಚೌಕಟ್ಟು ನೋಡದೆ ಬಿಡುವುದು ಇಂಥ ಕಾರಿನ ಮಾಲಕರು ಮಾಡುವ ದೊಡ್ಡ ತಪ್ಪು. ಕೊನೆಯ ಬಿಲ್ಲು 78,400 ರೂ.

ಕೆಲಸ ನಡೆಯುತ್ತಿದ್ದ ಆ ಅಕ್ಟೋಬರಿನಲ್ಲೇ, 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ ತನ್ನ 20 ವರ್ಷದ ಆಯುಷ್ಯ ಮುಗಿಸಿ ಮುಂಬಯಿ ರಸ್ತೆಯಿಂದ ಮರೆಯಾಯಿತು. ಹಿರಿಯರು ಅಂದು ಗ್ಯಾರೇಜಿಗೆ ಹೋಗಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರಂತೆ.

ಲೆಕ್ಕದ ಪುಸ್ತಕ

ಲೆಕ್ಕಶಾಸ್ತ್ರದಲ್ಲಿ ಒಂದು ಭೇದವಿದೆ. ಇದ್ದ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡುವ ಖರ್ಚು ರಾಜಸ್ವ ವೆಚ್ಚ. ಆಸ್ತಿಯ ಶಕ್ತಿಯನ್ನೇ ಹೆಚ್ಚಿಸಲು ಹಾಕುವ ಹಣ ಬಂಡವಾಳ ವೆಚ್ಚ. ರಿಪೇರಿ ಮೊದಲನೆಯದು, ಎಂಜಿನ್ ಬದಲಿ ಎರಡನೆಯದು. ಬಂಡವಾಳ ಹಾಕುವ ಮೊದಲು ಅದು ಮರಳುವ ದಾರಿ ಇದೆಯೇ ಎಂದು ನೋಡಬೇಕು. ಆರ್‌ಸಿಗೆ ಹೊಂದದ ಎಂಜಿನಿರುವ ಕಾರನ್ನು ನಾಳೆ ಮಾರಲು ಹೋದರೆ ತಿಳಿದವರು ಕೊಳ್ಳುವುದಿಲ್ಲ.

ಹಾಗೆಂದು ಎಲ್ಲ ಎಂಜಿನಿಗೂ ರಿಪೇರಿಯೇ ಮದ್ದಲ್ಲ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಗೋಡೆ ಒಡೆದಿದ್ದರೆ, ಬೋರ್ ಇನ್ನಷ್ಟು ಕೊರೆಯಲಾಗದಷ್ಟು ಸವೆದಿದ್ದರೆ, ಅದೇ ಮಾದರಿಯ ಒಳ್ಳೆಯ ಎಂಜಿನ್ ಹುಡುಕಿ ಆರ್‌ಟಿಓ ಒಪ್ಪಿಗೆಯೊಂದಿಗೆ ಹಾಕಿಸುವುದೇ ಜಾಣತನ. ಆದರೆ ಆ ತೀರ್ಮಾನ ಅಳತೆಯ ಮೇಲೆ ನಿಲ್ಲಬೇಕು, ಹೊಗೆ ನೋಡಿ ಹೇಳಿದ ಮಾತಿನ ಮೇಲಲ್ಲ.

ಈ ಮನೆಯ ಮಟ್ಟಿಗೆ ಇನ್ನೊಂದು ಲೆಕ್ಕವೂ ಇತ್ತು. ಆರ್‌ಸಿ ಹುಡುಕುವಾಗ ತಾಯಿಯ ಕಪಾಟಿನಲ್ಲಿ ಮಗನಿಗೆ ಫಿಕ್ಸೆಡ್ ಡಿಪಾಸಿಟ್ ಮುರಿಸುವ ಫಾರ್ಮ್ ಸಿಕ್ಕಿತು. ಅದರ ಕೆಳಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ವೈದ್ಯರು ಬರೆದ ಚೀಟಿ. ಆ ಎರಡು ಲಕ್ಷ ಅದಕ್ಕೆಂದೇ ಇಟ್ಟದ್ದು ಎಂದು ಅವನಿಗೆ ಗೊತ್ತಾದದ್ದು ಆಗಲೇ. "ಅಮ್ಮ, ಇದನ್ನು ಯಾಕೆ ಹೇಳಲಿಲ್ಲ?" ಎಂದದ್ದಕ್ಕೆ, "ನೀನು ಅಪ್ಪನ ಕಾರಿನ ಬಗ್ಗೆ ಅಷ್ಟು ಆಸೆಯಿಂದ ಮಾತಾಡುತ್ತಿದ್ದೆ, ಹೇಗೆ ಹೇಳಲಿ?" ಎಂದರಂತೆ. ಮಗ ಫಾರ್ಮನ್ನು ಹರಿದುಹಾಕಿದ. ರಿಪೇರಿಯ ಹಣವನ್ನು ತನ್ನ ಸಂಬಳದಿಂದಲೇ ಮೂರು ಕಂತಿನಲ್ಲಿ ಕೊಟ್ಟ.

2023ರ ಡಿಸೆಂಬರಿನಲ್ಲಿ ಕಾರು ಮನೆಗೆ ಮರಳಿತು. 2024ರ ಫೆಬ್ರವರಿಯಲ್ಲಿ ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವ ಮೆರವಣಿಗೆಯ ಮುಂದೆ ಮತ್ತೆ ಅದೇ ಕೆಂಪು ಕಾರು, ಅದೇ 60 ಅಶ್ವಶಕ್ತಿ. ಭುವನೇಶ್ವರಿ ವೇಷದ ಮಗು ಮಾತ್ರ ಹೊಸದು. ತಾಯಿ ಕಾರಿನಲ್ಲಿ ಕೂರಲಿಲ್ಲ. ಮೆರವಣಿಗೆಯ ಜೊತೆ ನಡೆದೇ ಬಂದರು.